ಪ್ರಾರ್ಥನೆ ಮಾಡಿದರೂ ಎದೆ ಡವಡವ ನಿಲ್ಲದಿದ್ದಾಗ: 13ನೇ ಕೀರ್ತನೆ ಹಿಡಿದು ಏಳು ಹೆಜ್ಜೆ

ಭಾನುವಾರ ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಯಾರಾದರೂ ಒಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾರೆ: "ದಿನಾ ಪ್ರಾರ್ಥನೆ ಮಾಡ್ತಾ ಇದ್ದೀನಿ, ಆದರೂ ಭಯ ಹೋಗ್ತಿಲ್ಲ. ನನ್ನ ನಂಬಿಕೆನೇ ಸರಿ ಇಲ್ವಾ?" ಫೋನಿನಲ್ಲೂ ಇದೇ ಪ್ರಶ್ನೆ, ಮನೆ ಕೂಟದಲ್ಲೂ ಇದೇ. ಕೇಳುವವರು ಮಾತ್ರ ಬೇರೆ ಬೇರೆ. ಕೆಲಸ ಕಳೆದುಕೊಂಡವರು, ಸ್ಕ್ಯಾನಿಂಗ್ ರಿಪೋರ್ಟಿಗೆ ಕಾಯುತ್ತಿರುವವರು, ಕಾರಣವೇ ಗೊತ್ತಿಲ್ಲದೆ ಬೆಳಿಗ್ಗೆ ಏಳುವಾಗಲೇ ಎದೆ ಭಾರ ಅನ್ನುವವರು. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ವಾರದಲ್ಲಿ ಭಯ ಓಡಿಸುವ ಉಪಾಯ ನನ್ನ ಹತ್ತಿರ ಇಲ್ಲ. ಭಯ ಎದೆಯಲ್ಲಿ ಇರುವಾಗಲೇ ದೇವರ ಮುಂದೆ ಕೂರುವುದು ಹೇಗೆ, ಅಷ್ಟೇ ಇಲ್ಲಿದೆ.

ಶುರು ಮಾಡುವ ಮುನ್ನ ಒಂದು ಪದ

ನಮ್ಮ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, "ನಂಬಿಕೆ, ನಿರೀಕ್ಷೆ, ಪ್ರೀತಿ" ಅಂತ ಮೂರು ಜೊತೆಯಾಗಿ ಬರುತ್ತವೆ (1 ಕೊರಿಂಥ 13:13). ಬೇರೆಯವರು "ಭರವಸೆ" ಅನ್ನುವ ಕಡೆ ನಾವು "ನಿರೀಕ್ಷೆ" ಅನ್ನುತ್ತೇವೆ. ಪೇಪರಿನಲ್ಲಿ "ಇನ್ನೆರಡು ದಿನ ಮಳೆ ನಿರೀಕ್ಷೆ" ಅಂತ ಬರುತ್ತದಲ್ಲ, ಅದೇ ಪದ. ದಾರಿ ನೋಡುವುದು. ಹಳ್ಳಿ ರಸ್ತೆಯ ಸ್ಟಾಪಿನಲ್ಲಿ ಬಸ್ಸಿಗೆ ಕೂತವರನ್ನು ನೆನಪಿಸಿಕೊಳ್ಳಿ. ಬೈಯುತ್ತಾರೆ, ಟೈಮ್ ನೋಡುತ್ತಾರೆ, ತಿರುವಿನ ಕಡೆ ಕತ್ತು ಚಾಚುತ್ತಾರೆ, "ಇವತ್ತು ಬರಲ್ಲ ಬಿಡಪ್ಪ" ಅಂತಾರೆ. ಆದರೆ ಎದ್ದು ಮನೆಗೆ ಹೋಗುವುದಿಲ್ಲ. ಅವರ ಮುಖದಲ್ಲಿ ಖುಷಿ ಕಾಣಿಸದೇ ಇರಬಹುದು, ಆದರೂ ಅವರು ನಿರೀಕ್ಷೆಯಲ್ಲೇ ಇದ್ದಾರೆ. ನಿಮಗೆ ಒಳಗೆ ಖುಷಿ ಇಲ್ಲ ಅಂದ ಮಾತ್ರಕ್ಕೆ ನಿರೀಕ್ಷೆ ಇಲ್ಲ ಅಂತ ತೀರ್ಮಾನ ಮಾಡಬೇಡಿ.

ಏನೇನು ಬೇಕು

ಒಂದು ಸತ್ಯವೇದ. ಹಳೇ ಅನುವಾದದ ಭಾಷೆ ಕಷ್ಟ ಅನಿಸಿದರೆ ಸುಲಭ ಕನ್ನಡದ ಅನುವಾದ ತೆಗೆದುಕೊಳ್ಳಿ, ಫೋನಿನಲ್ಲೂ ಉಚಿತವಾಗಿ ಸಿಗುತ್ತದೆ. ಒಂದು 100 ಪುಟದ ನೋಟ್‌ಬುಕ್, ಪೆನ್ನು. ದಿನಕ್ಕೆ 15 ನಿಮಿಷ. ನಂಬಿಕೆಗೆ ಅರ್ಹರಾದ ಒಬ್ಬ ಮನುಷ್ಯ. ಇಷ್ಟೇ.

ಈ ದಾರಿಗೆ ಹೊಸಬರಾದರೆ ಒಂದು ವಿವರಣೆ: ಇಲ್ಲಿ ಕೀರ್ತನೆ ಅಂದರೆ ದಾಸರ ಕೀರ್ತನೆ ಅಲ್ಲ. ಸತ್ಯವೇದದ ನಡುಭಾಗದಲ್ಲಿರುವ 150 ಪ್ರಾರ್ಥನಾ ಹಾಡುಗಳು. ಅವುಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ದೂರು, ಅಳು, "ಯಾಕೆ ಹೀಗೆ?" ಅನ್ನುವ ಪ್ರಶ್ನೆ. ಅವನ್ನು ನಾನು ಅಳಲಿನ ಕೀರ್ತನೆ ಅನ್ನುತ್ತೇನೆ. ನಾವು ಭಾನುವಾರ ಹಾಡಲು ಆರಿಸಿಕೊಳ್ಳುವುದು ಮಾತ್ರ ಹೆಚ್ಚಾಗಿ ಸ್ತುತಿಯವನ್ನೇ. ಹಾಗಾಗಿ ದೇವರ ಹತ್ತಿರ ಗೋಳು ಹೇಳಿಕೊಳ್ಳುವುದು ತಪ್ಪು ಅಂತ ನಮ್ಮಲ್ಲಿ ಎಷ್ಟೋ ಜನ ಅಂದುಕೊಂಡಿದ್ದಾರೆ.

ಹೆಜ್ಜೆ 1: ಮೊದಲು ಊಟ, ನಿದ್ದೆ

ಪ್ರವಾದಿ ಎಲೀಯನ ಕಥೆ 1 ಅರಸುಗಳು 19ರಲ್ಲಿದೆ. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಗೆಲುವು ಕಂಡವನು, ರಾಣಿಯ ಒಂದು ಬೆದರಿಕೆಗೆ ಹೆದರಿ ಮರಳುಗಾಡಿಗೆ ಓಡಿದ. ಒಂದು ಗಿಡದ ಕೆಳಗೆ ಕೂತು "ಸಾಕು, ನನ್ನ ಪ್ರಾಣ ತೆಗೆದುಬಿಡು" ಅಂದ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ "ಎದ್ದು ಊಟ ಮಾಡು" ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು, ಕುಡಿದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟ ಕೊಟ್ಟರು. "ಇಲ್ಲೇನು ಮಾಡುತ್ತಿದ್ದೀ?" ಅಂತ ದೇವರು ಕೇಳಿದ್ದು ಆಮೇಲೆ, 40 ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ.

ಆದ್ದರಿಂದ ಮೊದಲ ಮೂರು ದಿನ ದೊಡ್ಡ ಪ್ರಾರ್ಥನೆ ಬೇಡ. ಹೊತ್ತಿಗೆ ಸರಿಯಾಗಿ ತಿನ್ನಿ. ಗಂಟಲಲ್ಲಿ ಇಳಿಯದಿದ್ದರೆ ಗಂಜಿ, ಮೊಸರನ್ನ ಆದರೂ ಸರಿ. ಮಧ್ಯಾಹ್ನದ ಮೇಲೆ ಕಾಫಿ, ಟೀ ಬಿಡಿ. ಸಂಜೆ ಅರ್ಧ ಗಂಟೆ ನಡೆಯಿರಿ.

ಎಡವುವ ಜಾಗ: ಉಪವಾಸ. ಕಷ್ಟ ಬಂದ ಕೂಡಲೇ ಉಪವಾಸ ಪ್ರಾರ್ಥನೆಗೆ ಕೂರುವುದು ನಮ್ಮಲ್ಲಿ ರೂಢಿ. ಆದರೆ ಈಗಾಗಲೇ ಎರಡು ವಾರದಿಂದ ಸರಿಯಾಗಿ ಊಟ ಸೇರದವರು ಉಪವಾಸ ಮಾಡಿದರೆ ತಲೆ ಸುತ್ತು, ಕೈ ನಡುಕ ಜಾಸ್ತಿಯಾಗುತ್ತದೆ. ಆಮೇಲೆ ಅದನ್ನೇ ದೆವ್ವದ ಕಾಟ ಅಂದುಕೊಂಡು ಇನ್ನೂ ಹೆದರುತ್ತಾರೆ. ಸದ್ಯಕ್ಕೆ ಬೇಡ.

ಹೆಜ್ಜೆ 2: ಡಾಕ್ಟರ್ ಬೇಕಾ ಅಂತ ನೋಡಿಕೊಳ್ಳಿ

ಇದನ್ನು ಕೊನೆಗೆ ಇಡಬಹುದಿತ್ತು. ಬೇಕಂತಲೇ ಇಲ್ಲಿ ಇಟ್ಟಿದ್ದೇನೆ.

ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಗ್ಗಿದೆಯಾ? ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡ ಅನಿಸುತ್ತಿದೆಯಾ? ನಿದ್ದೆ, ಹಸಿವು ಪೂರಾ ಕೆಟ್ಟಿದೆಯಾ? ಇದ್ದಕ್ಕಿದ್ದಂತೆ ಎದೆ ಬಡಿತ ಏರಿ, ಉಸಿರು ಕಟ್ಟಿ, ಸತ್ತೇ ಹೋಗುತ್ತೇನೆ ಅನಿಸುತ್ತದಾ? ಹೀಗಿದ್ದರೆ ಡಾಕ್ಟರರಿಗೆ ತೋರಿಸಿ. ಖಿನ್ನತೆ, ಅಂದರೆ ಬಿಟ್ಟೂಬಿಡದ ಕುಗ್ಗು, ಒಂದು ಕಾಯಿಲೆ. ಸುಮ್ನೆ "ಧೈರ್ಯ ತಗೋ" ಅಂದರೆ ಹೋಗುವಂಥದ್ದಲ್ಲ. ಥೈರಾಯ್ಡ್ ಏರುಪೇರಾದರೂ ಹೀಗೆಲ್ಲ ಆಗುತ್ತದೆ, ಅದಕ್ಕೆ ರಕ್ತ ಪರೀಕ್ಷೆಯೂ ಬೇಕಾಗಬಹುದು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನ ಹತ್ತಿರದವರಿಗೆ ನಿಮ್ಹಾನ್ಸ್ ಇದೆ.

ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ. ಮನೆಯಲ್ಲಿ ಒಬ್ಬರಿಗೆ ಈಗಲೇ ಹೇಳಿ, ಒಬ್ಬರೇ ಇರಬೇಡಿ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸಹಾಯವಾಣಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತೀರಾ ತುರ್ತಾದರೆ 112. ಹೊರದೇಶದಲ್ಲಿರುವವರು ಆ ದೇಶದ ಸಹಾಯವಾಣಿ ನಂಬರನ್ನು ಇವತ್ತೇ ಹುಡುಕಿ ಸೇವ್ ಮಾಡಿಕೊಳ್ಳಿ, ಬೇಕಾದ ಹೊತ್ತಿನಲ್ಲಿ ಹುಡುಕಲು ಕೈ ಓಡುವುದಿಲ್ಲ. ಪೊಲೀಸ್ ಕೇಸ್ ಆಗುತ್ತದೆ ಅಂತ ಆಸ್ಪತ್ರೆಗೆ ಹೋಗಲು ಹೆದರುವವರು ಇನ್ನೂ ಇದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಎಡವುವ ಜಾಗ: ಪ್ರಾರ್ಥನಾ ಕೂಟದಲ್ಲಿ ಒಂದು ದಿನ ಮನಸ್ಸು ಹಗುರಾಯಿತು ಅಂತ ಮಾತ್ರೆ ನಿಲ್ಲಿಸುವುದು. ಯಾರು ಹೇಳಿದರೂ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದರೆ ಮಾತ್ರ. ಸತ್ಯವೇದದ ಹಲವು ಪತ್ರಗಳನ್ನು ಬರೆದ ಅಪೊಸ್ತಲ ಪೌಲನ ಜೊತೆಯವನಾದ ಲೂಕ ವೈದ್ಯನೇ ಆಗಿದ್ದ (ಕೊಲೊಸ್ಸೆ 4:14). ಪೌಲ ಅವನನ್ನು ಪ್ರಿಯ ಅಂತ ಕರೆದ. ವೈದ್ಯ ಯಾಕೆ, ಪ್ರಾರ್ಥನೆ ಸಾಲದಾ ಅಂತ ಕೇಳಲಿಲ್ಲ.

ಹೆಜ್ಜೆ 3: 13ನೇ ಕೀರ್ತನೆಯನ್ನು ಬಾಯಿ ಬಿಟ್ಟು ಓದಿ

ಇದರಲ್ಲಿ ಇರುವುದು ಆರೇ ವಚನ. ವಚನ ಅಂದರೆ ಸತ್ಯವೇದದಲ್ಲಿ ನಂಬರ್ ಹಾಕಿದ ಒಂದೊಂದು ತುಣುಕು. ನಾಲ್ಕು ದಿನ, ದಿನಕ್ಕೆ ಎರಡು ಸಲ ಓದಿ. ಮನಸ್ಸಿನಲ್ಲಿ ಬೇಡ, ಕಿವಿಗೆ ಕೇಳುವಷ್ಟು ಜೋರಾಗಿ. ಮನೆಯಲ್ಲಿ ಜನ ಇದ್ದರೆ ಟೆರೇಸಿಗೆ ಹೋಗಿ.

ಅದರ ಕಟ್ಟು ಗಮನಿಸಿ. ಮೊದಲೆರಡು ವಚನದಲ್ಲಿ "ಇನ್ನೆಷ್ಟು ಕಾಲ?" ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನನ್ನನ್ನು ಮರೆತಿದ್ದೀಯಾ, ಮುಖ ತಿರುಗಿಸಿಕೊಂಡಿದ್ದೀಯಾ ಅಂತ ಕೀರ್ತನೆಗಾರ ದೇವರನ್ನೇ ಕೇಳುತ್ತಾನೆ. ಮುಂದಿನ ಎರಡರಲ್ಲಿ ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡು ವಚನ "ಆದರೆ" ಅನ್ನುವ ತಿರುವಿನಿಂದ ಶುರು: ನಾನಂತೂ ನಿನ್ನ ಪ್ರೀತಿಯನ್ನು ನಂಬಿದ್ದೇನೆ, ಹಾಡುತ್ತೇನೆ.

ನಾಲ್ಕನೇ ವಚನಕ್ಕೂ ಐದನೇ ವಚನಕ್ಕೂ ನಡುವೆ ಏನಾಯಿತು? ಬರೆದಿಲ್ಲ. ಶತ್ರು ಹೋದನೆಂದಿಲ್ಲ, ಕಷ್ಟ ತೀರಿತೆಂದಿಲ್ಲ. ಪುಟದಲ್ಲಿ ಆ ಜಾಗ ಒಂದು ಸಾಲಿನಷ್ಟೂ ಇಲ್ಲ. ಬದುಕಿನಲ್ಲಿ ಅದು ಐದು ನಿಮಿಷ ಇರಬಹುದು, ಎಂಟು ತಿಂಗಳೂ ಇರಬಹುದು. ನೀವು ಈಗ ಇರುವುದು ಬಹುಶಃ ಅಲ್ಲೇ.

ಎಡವುವ ಜಾಗ: ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳು ಬಿದ್ದ ಕಡೆ "ಇದೇ ನನಗೆ ದೇವರ ಮಾತು" ಅನ್ನುವುದು. ಬೆರಳು 1 ಪೂರ್ವಕಾಲವೃತ್ತಾಂತದ ವಂಶಾವಳಿಯ ಮೇಲೆ ಬಿದ್ದರೆ ಏನು ಮಾಡುತ್ತೀರಿ? ಒಂದೇ ಕೀರ್ತನೆ ಹಿಡಿದುಕೊಂಡು ಕೂರುವುದು ಬೇಜಾರು ತರಿಸಬಹುದು, ಆದರೆ ಒಳಗೆ ಇಳಿಯುವುದು ಹಾಗೆ ಕೂತಾಗಲೇ.

ಹೆಜ್ಜೆ 4: ನಿಮ್ಮ ಅಳಲನ್ನು ನೀವೇ ಬರೆಯಿರಿ

ಎಲ್ಲಕ್ಕಿಂತ ಮುಖ್ಯ ಇದು. ಜನ ಹಾರಿಸಿಬಿಡುವುದೂ ಇದನ್ನೇ.

ನೋಟ್‌ಬುಕ್ ತೆರೆಯಿರಿ. ಮೇಲೆ ತಾರೀಖು ಹಾಕಿ. 13ನೇ ಕೀರ್ತನೆಯ ಮೂರು ಭಾಗವನ್ನೇ ಅಚ್ಚು ಮಾಡಿಕೊಳ್ಳಿ: ದೂರು, ಬೇಡಿಕೆ, ಆದರೆ.

ದೂರು ಬರೆಯುವಾಗ ಚರ್ಚ್ ಭಾಷೆ ಬಿಡಿ. "ಓ ಕೃಪಾಳುವಾದ ಸ್ವರ್ಗೀಯ ತಂದೆಯೇ" ಅಂತ ಶುರು ಮಾಡಿದರೆ ಮುಂದಿನ ಸಾಲೂ ಹಾಗೇ ನಯವಾಗಿ ಬರುತ್ತದೆ, ನಿಜ ಹೊರಗೇ ಬರುವುದಿಲ್ಲ. ಅಮ್ಮನ ಹತ್ತಿರ ಮಾತಾಡುವ ಭಾಷೆಯಲ್ಲಿ ಬರೆಯಿರಿ. ಹೆಸರು, ದಿನ, ಮೊತ್ತ ಎಲ್ಲ ಇರಲಿ. "ನನ್ನ ಕಷ್ಟಗಳು" ಅಂತ ಬರೆದರೆ ಏನೂ ಬರೆದಂತಾಗಲಿಲ್ಲ. ಮಾದರಿಗೆ ಅಂತ ನಾನೇ ಕಟ್ಟಿದ್ದು ಇದು, ಕೆಲಸ ಹೋದ ಒಬ್ಬ ಹುಡುಗನ ಬಾಯಲ್ಲಿ:

"ಕರ್ತನೇ, ಏಳು ತಿಂಗಳಾಯಿತು. ಇನ್ನೂ ಎಷ್ಟು ದಿನ? ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಆಫೀಸಿಗೆ ಹೋಗುವವನ ಹಾಗೆ ಹೊರಡುತ್ತೇನೆ. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಪಾರ್ಕಿನ ಬೆಂಚಿನ ಮೇಲೆ ಕೂತು ಅವಳು ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ತೆರೆಯುತ್ತೇನೆ, ನುಂಗಲು ಆಗುವುದಿಲ್ಲ. ಇದೆಲ್ಲ ನಿನಗೆ ಕಾಣಿಸುತ್ತಿದೆಯಾ? ನನ್ನ ಜೊತೆ ಓದಿದವರು ಮನೆ ಕಟ್ಟಿಸುತ್ತಿದ್ದಾರೆ. ನಾನು ಬಸ್ ಪಾಸಿಗೆ ಸಾಲ ಮಾಡಿದ್ದೇನೆ.

ತಮ್ಮನ ಫೀಸು 12ನೇ ತಾರೀಖಿನೊಳಗೆ ಕಟ್ಟಬೇಕು. ದಾರಿ ತೋರಿಸು. ಮಂಗಳವಾರದ ಇಂಟರ್‌ವ್ಯೂನಲ್ಲಿ ಮಾತು ತೊದಲದಿರಲಿ. ಅಮ್ಮನಿಗೆ ಹೇಳುವ ಧೈರ್ಯ ಕೊಡು, ಅದು ಎಲ್ಲಕ್ಕಿಂತ ಮೊದಲು.

ಆದರೆ ಅಪ್ಪ ತೀರಿಕೊಂಡ ವರ್ಷ ನಮ್ಮನ್ನು ದಡ ಮುಟ್ಟಿಸಿದ್ದು ನೀನೇ. ಅದನ್ನು ನಾನು ಮರೆತಿಲ್ಲ."

ನೋಡಿ, ಬೇಡಿಕೆ ಬರೆಯುತ್ತಾ ಹೋದಂತೆ ಒಂದು ಬೇರೆಯಾಗಿ ಮೇಲೆ ಬಂತು: ಅಮ್ಮನಿಗೆ ಹೇಳುವುದು. ಬರೆಯುವಾಗ ಹೀಗೆ ಆಗುತ್ತಿರುತ್ತದೆ. ನಾವು ಒಂದು ಗಂಟು ಅಂದುಕೊಂಡದ್ದು ಮೂರು ಬೇರೆ ಬೇರೆ ದಾರ ಅಂತ ಹಾಳೆಯ ಮೇಲೆ ಗೊತ್ತಾಗುತ್ತದೆ. ಅದರಲ್ಲಿ ಒಂದನ್ನಾದರೂ ಈ ವಾರ ಬಿಡಿಸಬಹುದು.

"ಆದರೆ" ಭಾಗದಲ್ಲಿ ದೊಡ್ಡ ವಾಗ್ದಾನ ಬೇಡ. ಹಿಂದೆ ಒಮ್ಮೆ ದೇವರು ಕೈ ಹಿಡಿದದ್ದು ಒಂದು ನೆನಪಿದ್ದರೆ ಅದನ್ನು ಬರೆಯಿರಿ. ಅದೂ ಇಲ್ಲದಿದ್ದರೆ ಕಾಯಿಲೆಯ ಮಗನನ್ನು ಯೇಸುವಿನ ಹತ್ತಿರ ಕರೆತಂದ ತಂದೆಯ ಮಾತು (ಮಾರ್ಕ 9:24) ಸಾಕು: ನಂಬುತ್ತೇನೆ, ನಂಬಿಕೆ ಸಾಲದ ಕಡೆ ಸಹಾಯ ಮಾಡು. ಯೇಸು ಅವನಿಗೆ "ಮೊದಲು ನಂಬಿಕೆ ಪೂರ್ತಿ ಮಾಡಿಕೊಂಡು ಬಾ" ಅನ್ನಲಿಲ್ಲ. ಮಗನನ್ನು ವಾಸಿಮಾಡಿದ.

ಏನೂ ಬರೆಯಲು ಆಗದ ದಿನಗಳೂ ಬರುತ್ತವೆ. ಆಗ "ಆದರೆ" ಅಂತ ಬರೆದು ಮುಂದೆ ಖಾಲಿ ಬಿಡಿ. ಸುಳ್ಳು ಮಾತ್ರ ಬರೆಯಬೇಡಿ. 88ನೇ ಕೀರ್ತನೆ ಓದಿ ನೋಡಿ, ಅದರಲ್ಲಿ ಆ ತಿರುವೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ಸತ್ಯವೇದದಿಂದ ತೆಗೆದುಹಾಕಲಿಲ್ಲ. ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದವು. ದೇವರ ಸಾನ್ನಿಧ್ಯವೇ ಅನುಭವಕ್ಕೆ ಬರುತ್ತಿಲ್ಲ, ಒಳಗೆಲ್ಲ ಕತ್ತಲೆ ಅಂತ ಅವರು ವರ್ಷಗಟ್ಟಲೆ ತಮ್ಮ ಗುರುಗಳಿಗೆ ಬರೆದಿದ್ದರು. ಹಾಗಿದ್ದೂ ದಿನಾ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂತಿದ್ದರು, ಆಮೇಲೆ ಕೊಲ್ಕತ್ತದ ಬೀದಿಗೆ ಇಳಿಯುತ್ತಿದ್ದರು.

ಎಡವುವ ಜಾಗ: "ಯಾವುದಕ್ಕೂ ಚಿಂತೆ ಮಾಡಬೇಡಿ" ಅನ್ನುವ ಫಿಲಿಪ್ಪಿ 4:6ನ್ನು ಬೈಗುಳದ ಹಾಗೆ ಓದಿಕೊಳ್ಳುವುದು. ಪೌಲ ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ. ಅದೇ ವಚನದ ಉಳಿದರ್ಧದಲ್ಲಿ ನಿಮ್ಮ ಬೇಡಿಕೆಗಳನ್ನು ದೇವರಿಗೆ ತಿಳಿಸಿ ಅಂತಿದೆ. ನೀವು ಈಗ ನೋಟ್‌ಬುಕ್ಕಿನಲ್ಲಿ ಮಾಡಿದ್ದು ಅದನ್ನೇ ಅಲ್ವಾ?

ಹೆಜ್ಜೆ 5: ರಾತ್ರಿ ಮೂರು ಗಂಟೆಗೆ

ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಎಚ್ಚರವಾಗಿ, ಮೇಲೆ ತಿರುಗುವ ಫ್ಯಾನ್ ನೋಡುತ್ತಾ ಮಲಗಿದಾಗ ಎಲ್ಲ ಲೆಕ್ಕ ಒಟ್ಟಿಗೆ ಬರುತ್ತದೆ. ಅದಕ್ಕೆ ಮಲಗುವ ಮುನ್ನವೇ ಸಿದ್ಧತೆ ಮಾಡಿಕೊಳ್ಳಿ.

ಮಲಗುವ ಮುಂಚೆ 4ನೇ ಕೀರ್ತನೆ ಓದಿ. ಸಂತ ಬೆನೆಡಿಕ್ಟರು ಆರನೇ ಶತಮಾನದಲ್ಲಿ ತಮ್ಮ ಮಠದವರಿಗೆ ಬರೆದ ನಿಯಮದಲ್ಲಿ ಪ್ರತಿ ರಾತ್ರಿಯ ಕೊನೆ ಪ್ರಾರ್ಥನೆಗೆ ಇಟ್ಟ ಕೀರ್ತನೆಗಳಲ್ಲಿ ಇದೂ ಒಂದು. ನಿಶ್ಚಿಂತೆಯಿಂದ ಮಲಗಿ ನಿದ್ದೆ ಮಾಡುವೆನು ಅನ್ನುವ ಮಾತಿನಿಂದ ಅದು ಮುಗಿಯುತ್ತದೆ. ಹಾಸಿಗೆಯ ಪಕ್ಕ ಒಂದು ಚೀಟಿ ಇಡಿ. ಎಚ್ಚರವಾದಾಗ ಕಾಡುವ ವಿಷಯವನ್ನು ಎರಡು ಪದದಲ್ಲಿ ಬರೆದು, ಮುಂದೆ "ಬೆಳಿಗ್ಗೆ 10ಕ್ಕೆ" ಅಂತ ಹಾಕಿ. ನಾಳೆಯ ಚಿಂತೆ ನಾಳೆಗೆ ಅನ್ನುವ ಯೇಸುವಿನ ಮಾತನ್ನು (ಮತ್ತಾಯ 6:34) ಕೈಯಿಂದ ಮಾಡುವ ರೀತಿ ಇದು. ಬೆಳಿಗ್ಗೆ 10ಕ್ಕೆ ನಿಜವಾಗಿಯೂ ಚೀಟಿ ತೆರೆಯಿರಿ, ಇಲ್ಲದಿದ್ದರೆ ಮನಸ್ಸು ಮುಂದಿನ ಸಲ ನಂಬುವುದಿಲ್ಲ.

ಎದೆ ಬಡಿತ ಇಳಿಯದಿದ್ದರೆ ಉಸಿರಿನ ಜೊತೆ ಒಂದು ಚಿಕ್ಕ ಪ್ರಾರ್ಥನೆ. ಪೂರ್ವ ದೇಶಗಳ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಶತಮಾನಗಳಿಂದ ಬಂದಿರುವ ಇದನ್ನು ಯೇಸು ಪ್ರಾರ್ಥನೆ ಅನ್ನುತ್ತಾರೆ. ಉಸಿರು ಒಳಗೆ ತೆಗೆದುಕೊಳ್ಳುವಾಗ "ಕರ್ತನಾದ ಯೇಸುವೇ, ದೇವಕುಮಾರನೇ", ಹೊರಗೆ ಬಿಡುವಾಗ "ಪಾಪಿಯಾದ ನನ್ನನ್ನು ಕರುಣಿಸು". ಬಿಡುವ ಉಸಿರು ನಿಧಾನ, ಉದ್ದ ಇರಲಿ. ಹತ್ತು ನಿಮಿಷ. ಲೆಕ್ಕ ಇಡಬೇಡಿ.

ಎಡವುವ ಜಾಗ: ಫೋನ್. ಸಾಂತ್ವನದ ವಿಡಿಯೋ ನೋಡಲು ಹೋದವರು ಅರ್ಧ ಗಂಟೆಯಲ್ಲಿ ಅಂತ್ಯಕಾಲದ ವಿಡಿಯೋಗಳಿಗೆ ಬಂದು ನಿಂತಿರುತ್ತಾರೆ. ಫೋನನ್ನು ಹಾಲ್‌ನಲ್ಲೇ ಚಾರ್ಜಿಗೆ ಹಾಕಿ.

ಹೆಜ್ಜೆ 6: ಒಬ್ಬರಿಗೆ ಹೇಳಿ

ಸೆರೆಸಿಕ್ಕಿದ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಕೂಡ ಒಬ್ಬನೇ ಇರಲು ಬಯಸಲಿಲ್ಲ. ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನ ಮೂವರನ್ನು ಹತ್ತಿರ ಕರೆದುಕೊಂಡು, ಸಾಯುವಷ್ಟು ದುಃಖವಾಗಿದೆ, ಇಲ್ಲೇ ಎಚ್ಚರವಾಗಿರಿ ಅಂದ (ಮಾರ್ಕ 14:34). ಮೂವರೂ ನಿದ್ದೆ ಮಾಡಿದರು. ನೀವು ಹೇಳಿಕೊಳ್ಳುವವರೂ ಒಮ್ಮೊಮ್ಮೆ ಹಾಗೇ ಮಾಡುತ್ತಾರೆ. ಒಬ್ಬರು ಕೈಕೊಟ್ಟರೆ ಇನ್ನೊಬ್ಬರನ್ನು ನೋಡಿ.

ಯಾರನ್ನು ಆರಿಸುವುದು? ಗುಟ್ಟು ಇಟ್ಟುಕೊಳ್ಳುವವರನ್ನು. ಅದು ಪಾಸ್ಟರ್ ಆಗಬಹುದು, ಫಾದರ್ ಆಗಬಹುದು, ಸಭೆಯ ಒಬ್ಬ ಅಜ್ಜಿ ಆಗಬಹುದು. ನನ್ನ ಅನುಭವದಲ್ಲಿ ಅಜ್ಜಿಯರು ವಾಸಿ, ಅವರಿಗೆ ಉಪದೇಶ ಮಾಡುವ ಅವಸರ ಇರುವುದಿಲ್ಲ. ಏನು ಬೇಕು ಅಂತ ನೀವೇ ಬಿಡಿಸಿ ಹೇಳಿ: "ಪರಿಹಾರ ಏನೂ ಬೇಡ. ವಾರಕ್ಕೊಂದು ಸಲ ಅರ್ಧ ಗಂಟೆ ಜೊತೆಗೆ ಕೂತಿರಿ, ಕೊನೆಗೆ ಕರ್ತನ ಪ್ರಾರ್ಥನೆ ಒಟ್ಟಿಗೆ ಹೇಳೋಣ."

ಇಲ್ಲಿ ಎಡವುವ ಜಾಗ ಮೂರಿವೆ. ಮೊದಲನೆಯದು ಪ್ರಾರ್ಥನಾ ವಿಷಯ ಅಂತ ವಾಟ್ಸಾಪ್ ಗುಂಪಿಗೆ ಹಾಕುವುದು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಎರಡನೆಯದು "ನಿಮ್ಮ ಜೀವನದಲ್ಲಿ ಏನೋ ಪಾಪ ಇದೆ, ಅದಕ್ಕೇ ಹೀಗೆ" ಅನ್ನುವವರು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಚೆನ್ನಾಗೇ ಇತ್ತು. ಬಾಯಿ ತೆರೆದು ಇದೇ ಮಾತು ಶುರು ಮಾಡಿದರು, ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆಯೇ (ಯೋಬ 42:7). ಮೂರನೆಯದು ವಿಶೇಷ ಪ್ರಾರ್ಥನೆಗೆ ಇಷ್ಟು ಹಣ ಅನ್ನುವವರು. ಅವರ ಹತ್ತಿರ ಎರಡನೇ ಸಲ ಹೋಗಬೇಡಿ.

ಹೆಜ್ಜೆ 7: ದೊಡ್ಡ ತೀರ್ಮಾನ ಮುಂದಕ್ಕೆ ಹಾಕಿ, ತಿಂಗಳಾದ ಮೇಲೆ ಹಾಳೆ ತಿರುವಿ

ಯೇಸು ಸಭೆಯನ್ನು, ಅಂದರೆ ಜೆಸ್ವಿಟರ ಸಂಘವನ್ನು, ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಒಂದು ನಿಯಮ ಹೇಳಿದ್ದಾರೆ: ಮನಸ್ಸು ಒಣಗಿ ದೇವರು ದೂರ ಅನಿಸುವ ಹೊತ್ತಿನಲ್ಲಿ ಹಿಂದೆ ಮಾಡಿದ್ದ ನಿರ್ಧಾರ ಬದಲಾಯಿಸಬೇಡಿ. ಪ್ರಾಟೆಸ್ಟಂಟ್ ಮನೆಯವಳಾದ ನನಗೆ ಇದು ಗೊತ್ತಾದದ್ದು ತಡವಾಗಿ, ಆದರೆ ಇದರಷ್ಟು ಕೆಲಸಕ್ಕೆ ಬಂದದ್ದು ಕಡಿಮೆ. ರಾಜೀನಾಮೆ, ಮದುವೆ ಮುರಿಯುವುದು, ಸೈಟು ಮಾರುವುದು, ಸಭೆ ಬಿಡುವುದು, ಇವೆಲ್ಲ ಒಂದು ತಿಂಗಳು ಕಾಯಲಿ. ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ ಮಾತ್ರ ಈ ನಿಯಮ ನಿಮಗಲ್ಲ. ಅಲ್ಲಿಂದ ಈಗಲೇ ಹೊರಗೆ ಬನ್ನಿ.

30 ದಿನ ಆದ ಮೇಲೆ ನೋಟ್‌ಬುಕ್ಕನ್ನು ಮೊದಲಿಂದ ಓದಿ. ಬೇರೆ ಬಣ್ಣದ ಪೆನ್ನಿನಲ್ಲಿ ಮಾರ್ಜಿನ್‌ನಲ್ಲಿ ಬರೆಯಿರಿ: ಇದು ತೀರಿತು, ಇದು ಹಾಗೇ ಇದೆ, ಇದನ್ನು ಕೇಳಿದ್ದೇ ಮರೆತಿದ್ದೆ. ಖಾಲಿ ಬಿಟ್ಟ "ಆದರೆ"ಗಳಲ್ಲಿ ಕೆಲವನ್ನು ಈಗ ತುಂಬಬಹುದು. ತುಂಬಲು ಬರದಿದ್ದರೆ ಬಲವಂತ ಬೇಡ. ಸಭೆಯಲ್ಲಿ ಸಾಕ್ಷಿ ಹೇಳುವವರ ಜೊತೆ ಹೋಲಿಸಿಕೊಳ್ಳಲೂಬೇಡಿ. ಸಾಕ್ಷಿ ಅಂದರೆ ದೇವರು ಮಾಡಿದ್ದನ್ನು ಎಲ್ಲರ ಮುಂದೆ ಹೇಳುವುದು. ಜನ ಅದಕ್ಕೆ ಎದ್ದು ನಿಲ್ಲುವುದು ಬಸ್ ಬಂದ ಮೇಲೆ, ಸ್ಟಾಪಿನಲ್ಲಿ ಕೂತಿದ್ದಾಗಲ್ಲ.

ಅಪ್ಪ ತೀರಿಕೊಂಡ ವರ್ಷದ ನನ್ನ ನೋಟ್‌ಬುಕ್ ಇನ್ನೂ ಬೀರುವಿನಲ್ಲಿದೆ. ಅದರಲ್ಲಿ ಮಾರ್ಚ್ 9ರ ಪುಟದಲ್ಲಿ "ಆದರೆ" ಅಂತ ಬರೆದು, ಮುಂದೆ ಪೆನ್ನಿನ ಒಂದು ಚುಕ್ಕೆ ಇಟ್ಟಿದ್ದೇನೆ. ಎಷ್ಟೋ ಸಲ ತೆಗೆದು ನೋಡಿದ್ದೇನೆ, ಆ ಚುಕ್ಕೆಯ ಮುಂದೆ ಇನ್ನೂ ಏನೂ ಬರೆದಿಲ್ಲ.